ಹಳೇ ಪೆಟ್ರೋಲ್ ಪಂಪಿಗೆ ಹೊಸ ಗಾಜು ಕೂರಿಸಿದ್ದು

ಗಾಜು ಕೂರಿಸುವುದು ಕೊನೆಯ ಕೆಲಸ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಕೂರಿಸುವುದು ಕೊನೆಗೇ, ಹೌದು. ಆದರೆ ಆ ಗಾಜು ಉಳಿಯುತ್ತಾ ಒಡೆಯುತ್ತಾ ಅನ್ನೋದು ಪೇಂಟಿಗೆ ಮುಂಚೆ, ಬರೀ ತಗಡಿನ ಹಂತದಲ್ಲೇ ತೀರ್ಮಾನ ಆಗಿರುತ್ತದೆ. ಈ ಪಂಪಿನಲ್ಲಿ ಗಾಜಿಗಿಂತ ಜಾಸ್ತಿ ಹೊತ್ತನ್ನು ಗಾಜು ಕೂರುವ ಜಾಗದ ಮೇಲೆ ಕಳೆದೆ. ಬರೆಯುವಾಗಲೂ ಅದಕ್ಕೇ ಜಾಸ್ತಿ ಜಾಗ ಹೋಗುತ್ತದೆ, ಸಹಿಸಿಕೊಳ್ಳಿ.

ಪಂಪು ಅಮೆರಿಕದ್ದು, ಟೋಖೈಮ್ ಕಂಪನಿಯದು. ಇಂಡಿಯಾನಾ ರಾಜ್ಯದ ಫೋರ್ಟ್ ವೇಯ್ನ್ ಊರು ಇಂಥ ಪಂಪುಗಳ ತವರು. ಬೌಸರ್, ವೇಯ್ನ್, ಟೋಖೈಮ್ ಮೂರೂ ಕಂಪನಿಗಳು ಅಲ್ಲೇ ಪಂಪು ಮಾಡುತ್ತಿದ್ದವು. ನನ್ನ ಕೈಗೆ ಬಂದದ್ದು ಎರಡನೇ ಮಹಾಯುದ್ಧದ ಆಸುಪಾಸಿನದು. ಗ್ಯಾಲನ್ನನ್ನೂ ದುಡ್ಡನ್ನೂ ಒಟ್ಟಿಗೆ ತೋರಿಸುವ, ಹಲ್ಲುಚಕ್ರಗಳ ಮೆಕ್ಯಾನಿಕಲ್ ಕಂಪ್ಯೂಟರ್ ಇರುವ ಮಾದರಿ. ಈ ಜಾತಿಯ ಕಂಪ್ಯೂಟರಿನಲ್ಲಿ ಗ್ಯಾಲನ್ ಬೆಲೆಯನ್ನು ಒಂದು ಡಾಲರಿಗೆ ಏರಿಸಲು ಆಗುತ್ತಿರಲಿಲ್ಲ, ಡಾಲರಿನ ಅಂಕಿಗೆ ಚಕ್ರವೇ ಇರಲಿಲ್ಲ. 1979–80ರ ಹೊತ್ತಿಗೆ ಅಲ್ಲಿ ಬೆಲೆ ಡಾಲರ್ ದಾಟಿದಾಗ ಎಷ್ಟೋ ಬಂಕುಗಳು ಪಂಪಿನಲ್ಲಿ ಅರ್ಧ ಬೆಲೆ ಹಾಕಿ, ಬಂದ ಮೊತ್ತವನ್ನು ದುಪ್ಪಟ್ಟು ಮಾಡಿ ವಸೂಲಿ ಮಾಡಿದವು. ಹಳೇ ಪಂಪುಗಳು ಗುಜರಿಗೂ ಹೊಲದ ಮೂಲೆಗೂ ಹೋಗಿದ್ದಕ್ಕೆ ಅದೂ ಒಂದು ಕಾರಣ. ಹೊಲದಲ್ಲಿ ಬಿದ್ದ ಪಂಪಿನ ಗಾಜು ಪೂರ್ತಿ ಉಳಿದಿರುವುದು ಅಪರೂಪ.

ತಲೆಯ ಮೇಲಿನ ದುಂಡು ದೀಪ ಬಿಟ್ಟರೆ ನನ್ನದರಲ್ಲಿ ಮೂರು ಥರದ ಗಾಜು. ಎರಡೂ ಬದಿಯಲ್ಲಿ ಅಂಕಿಗಳ ಮುಂದೆ ಒಂದೊಂದು ಡಯಲ್ ಗಾಜು. ಕಂಪನಿಯ ಹೆಸರು ಬರೆದು ಹಿಂದಿನಿಂದ ದೀಪ ಬೆಳಗುವ ಆಡ್ ಗ್ಲಾಸ್ ಒಂದೊಂದು. ಆಮೇಲೆ ಎಣ್ಣೆ ಹರಿಯುವುದು ಕಾಣಲೆಂದು ಪೈಪಿನ ದಾರಿಯಲ್ಲಿ ಇಟ್ಟ ಪುಟ್ಟ ಸೈಟ್ ಗ್ಲಾಸ್. ಅದರೊಳಗೆ ಒಂದು ಸಣ್ಣ ತಿರುಗಣೆ ಇರುತ್ತದೆ. ಡಯಲ್ ಗಾಜೊಂದರಲ್ಲಿ ಯಾರೋ ಏರ್‌ಗನ್ ಗುರಿ ಕಲಿತಿದ್ದರು. ಛರ್ರೆ ಬಿದ್ದ ಕಡೆ ಮುಂದೆ ಕಾಳುಮೆಣಸಿನಷ್ಟು ತೂತು, ಹಿಂದೆ ಅದರ ನಾಲ್ಕರಷ್ಟು ಅಗಲದ ಚಕ್ಕೆ ಎದ್ದಿತ್ತು. ಗಾಜಿಗೆ ಸಣ್ಣ ಗುಂಡು ಬಡಿದರೆ ಬಿರುಕು ಯಾವಾಗಲೂ ಹೀಗೆ ಶಂಕುವಿನ ಆಕಾರದಲ್ಲೇ ಹರಡುತ್ತದೆ. ಹೊಡೆದದ್ದು ಹೊರಗಿನಿಂದಲೇ ಅಂತ ಅದನ್ನು ನೋಡಿಯೇ ಹೇಳಬಹುದು.

ಒಡೆದ ಗಾಜು ತೆಗೆಯುವ ಮುಂಚೆ ಎರಡು ಮಾತು. ಆ ಕಾಲದ ಪೇಂಟಿನಲ್ಲಿ ಸೀಸ ಇರುತ್ತದೆ ಅಂತಲೇ ಇಟ್ಟುಕೊಂಡು ಕೆಲಸ ಮಾಡಿ. ಒಣಗಿದ್ದನ್ನು ಉಜ್ಜಬೇಡಿ, ಒದ್ದೆ ಮಾಡಿಕೊಂಡೇ ಉಜ್ಜಿ, ಮಾಸ್ಕ್ ಹಾಕಿ. ಪಂಪಿನೊಳಗೆ ಉಳಿದಿರಬಹುದಾದ ಪೆಟ್ರೋಲಿನಲ್ಲೂ ಸೀಸ ಬೆರೆತಿರುತ್ತಿತ್ತು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಕೆಳಗಿನ ಪೆಟ್ಟಿಗೆಯಲ್ಲಿ ಕೂತಿರುತ್ತದೆ. ಹೋಸು, ಮೀಟರು, ಪಂಪ್ ಯೂನಿಟ್ ಎಲ್ಲ ಬಿಚ್ಚಿ, ಖಾಲಿ ಮಾಡಿ, ಗಾಳಿಗಿಟ್ಟ ಮೇಲೇ ಗ್ರೈಂಡರ್ ಹತ್ತಿರ ತನ್ನಿ. ಈ ಪಂಪು ಇನ್ನು ನೋಡಲಿಕ್ಕೆ ಮಾತ್ರ. ಇದರಲ್ಲಿ ಮತ್ತೆ ಎಣ್ಣೆ ಹಾಯಿಸುವ ಯೋಚನೆ ನನಗಿಲ್ಲ, ನಿಮಗೂ ಬೇಡ.

ಹಳೇ ರಬ್ಬರ್ ಕಲ್ಲಾಗಿತ್ತು. ಚಾಕು ಹಾಕಿ ಮೀಟುವ ಬದಲು ಹೀಟ್ ಗನ್ನಿನಲ್ಲಿ ಸ್ವಲ್ಪ ಬಿಸಿ ತೋರಿಸಿ, ಮರದ ಚಕ್ಕೆಯಿಂದ ಎಬ್ಬಿಸಿದೆ. ಗಾಜಿನ ಚೂರುಗಳನ್ನು ಬಿಸಾಡಲಿಲ್ಲ. ಅಂಚು ಪೂರ್ತಿ ಇರುವ ಒಂದು ಚೂರಿದ್ದರೂ ಸಾಕು, ಮೂಲ ಗಾಜಿನ ದಪ್ಪ ಎಷ್ಟು, ಮೂಲೆ ಎಷ್ಟು ದುಂಡಗಿತ್ತು ಅನ್ನೋದು ಗೊತ್ತಾಗುತ್ತದೆ. ಇದರಲ್ಲಿ ದಪ್ಪ ಇಂಚಿನ ಎಂಟನೇ ಒಂದು ಭಾಗ, ಅಂದರೆ 3 ಮಿ.ಮೀ. ಆಸುಪಾಸು.

ಇನ್ನು ಚೌಕಟ್ಟು. ಗಾಜು ತಾನಾಗಿ ಒಡೆಯುವುದು ಅಪರೂಪ. ಅದನ್ನು ಎಲ್ಲೋ ಒಂದು ಬಿಂದುವಿನಲ್ಲಿ ಏನೋ ಒತ್ತುತ್ತಿರುತ್ತದೆ. ಒಂದು ವೆಲ್ಡಿಂಗ್ ಕಾಳು, ಪೇಂಟ್ ಇಳಿದು ಗಟ್ಟಿಯಾದ ಹನಿ, ಬೇಕಾದ್ದಕ್ಕಿಂತ ಅರ್ಧ ಸುತ್ತು ಜಾಸ್ತಿ ಉದ್ದ ಇರುವ ಸ್ಕ್ರೂವಿನ ತುದಿ. ಕೂರಿಸಿದ ದಿನ ಏನೂ ಆಗಲ್ಲ. ಒಂದು ಬಿಸಿಲಿನ ಮಧ್ಯಾಹ್ನ ಟಪ್ ಅಂತ ಮೂಲೆಯಿಂದ ಬಿರುಕು ಹೊರಡುತ್ತದೆ. ಜನ ಬಿಸಿಲನ್ನು ಬೈಯುತ್ತಾರೆ.

ಮೊದಲು ನೋಡಬೇಕಾದ್ದು ಚೌಕಟ್ಟು ತಿರುಚಿಕೊಂಡಿದೆಯಾ ಅಂತ. ಇದಕ್ಕೆ ಎರಡು ದಾರ ಸಾಕು. ಗಾಜು ಕೂರುವ ಪಟ್ಟಿಯ ಮೇಲೆ ಮೂಲೆಯಿಂದ ಎದುರು ಮೂಲೆಗೆ ಒಂದು ದಾರ ಬಿಗಿಯಾಗಿ ಎಳೆಯಿರಿ. ಇನ್ನೊಂದನ್ನು ಅಡ್ಡಲಾಗಿ, ಉಳಿದ ಎರಡು ಮೂಲೆಗೆ. ನಡುವೆ ಎರಡೂ ಸುಮ್ನೆ ತಾಕಿಕೊಂಡಿರಬೇಕು. ಮೇಲಿನ ದಾರ ಕೆಳಗಿನದನ್ನು ಮುಟ್ಟದೇ ಹೋದರೆ ತಿರುಚಿದೆ ಅಂತ ಅರ್ಥ. ಬಿಗಿಯಾಗಿ ಒತ್ತಿಕೊಂಡಿದ್ದರೂ ತಿರುಚಿದೆ, ಈ ಸಲ ಇನ್ನೊಂದು ಕಡೆಗೆ. ಕೆಳಗಿನ ದಾರವನ್ನು ಮೇಲೆ ಮಾಡಿ ಇನ್ನೊಮ್ಮೆ ನೋಡಿದರೆ ಅನುಮಾನ ಉಳಿಯಲ್ಲ. ನನ್ನ ಪಂಪಿನ ಒಂದು ಬಾಗಿಲು, ಅಂದರೆ ಗಾಜು ಹಿಡಿಯುವ ತಗಡಿನ ಚೌಕಟ್ಟು, ಹೀಗೆ ತಿರುಚಿಕೊಂಡಿತ್ತು. ಪಂಪು ವರ್ಷಗಟ್ಟಲೆ ಒಂದು ಪಕ್ಕಕ್ಕೆ ವಾಲಿಕೊಂಡು ಬಿದ್ದಿದ್ದರ ಫಲ. ಮೂರು ಮೂಲೆಯನ್ನು ಬೆಂಚಿಗೆ ಕ್ಲ್ಯಾಂಪ್ ಹಾಕಿ, ನಾಲ್ಕನೆಯದನ್ನು ಸ್ವಲ್ಪ ಸ್ವಲ್ಪವೇ ಒತ್ತಿ, ಬಿಟ್ಟು, ದಾರ ನೋಡಿ, ಮತ್ತೆ ಒತ್ತಿ ನೇರ ಮಾಡಿದೆ. ತಗಡು ಸ್ಪ್ರಿಂಗಿನ ಹಾಗೆ ವಾಪಸು ಬರುತ್ತದೆ, ಅದಕ್ಕೆ ಬೇಕಾದ್ದಕ್ಕಿಂತ ಕೊಂಚ ಆಚೆಗೇ ಒತ್ತಬೇಕು. ಆದರೆ ಒಂದೇ ಏಟಿಗೆ ಅಲ್ಲ.

ಎರಡನೆಯದು ಉಬ್ಬು. ನೇರ ಇರುವ ಎಂಡಿಎಫ್ ಹಲಗೆಯನ್ನು ಗಾಜಿನ ಅಳತೆಗೆ ಕೊಯ್ದು, ಅದರ ಅಂಚಿಗೆ ನೀಲಿ ಚಾಕ್ ಪುಡಿ ಸವರಿ, ಗಾಜಿನ ಜಾಗದಲ್ಲಿಟ್ಟು ಮೆಲ್ಲಗೆ ಅಲುಗಾಡಿಸಿ ತೆಗೆದೆ. ಎಲ್ಲೆಲ್ಲಿ ಪಟ್ಟಿ ಎದ್ದಿದೆಯೋ ಅಲ್ಲಲ್ಲಿ ನೀಲಿ ಹತ್ತಿತು. ಆ ಜಾಗವನ್ನಷ್ಟೇ ಅರ ಹಾಕಿ ಉಜ್ಜಿ, ಮತ್ತೆ ಚಾಕ್. ನೀಲಿ ಸುತ್ತಲೂ ಹೆಚ್ಚುಕಡಿಮೆ ಸಮನಾಗಿ ಹತ್ತುವವರೆಗೆ ಬಿಡಲಿಲ್ಲ. ಬೇಜಾರಿನ ಕೆಲಸ, ನಿಜ. ಆದರೆ ಇದಾದ ಮೇಲೆ ಉಳಿದದ್ದೆಲ್ಲ ಸಲೀಸು.

ತಗ್ಗು ಇದ್ದ ಕಡೆ ಬಾಡಿ ಫಿಲ್ಲರ್ ತುಂಬಬಹುದು, ತೆಳ್ಳಗೆ. ದಪ್ಪ ಹಾಕಿದರೆ ಸ್ಕ್ರೂ ಬಿಗಿದಾಗ ಚಕ್ಕೆ ಏಳುತ್ತದೆ, ಆ ಚಕ್ಕೆಯೇ ಗಾಜಿಗೆ ಶತ್ರು.

ಇಲ್ಲಿಂದ ಪ್ರೈಮರ್, ಪೇಂಟ್. ಅದರ ಕಥೆ ಬೇರೆ. ಒಂದೇ ವಿಷಯ ಹೇಳಬೇಕು. ಪೇಂಟ್ ಕೈಗೆ ಒಣಗಿದೆ ಅನ್ನಿಸಿದ ತಕ್ಷಣ ಗಾಜು ಹಾಕಬೇಡಿ. ಎನಾಮಲ್ ಪೇಂಟ್ ಒಣಗಿದ ಮೇಲೂ ವಾರಗಟ್ಟಲೆ ತಿನ್ನರ್ ಬಿಡುತ್ತಾ ಇರುತ್ತದೆ. ಮುಚ್ಚಿದ ಬಾಗಿಲಲ್ಲಿ ಅದು ಗಾಜಿನ ಒಳಮೈಗೆ ಮಬ್ಬಾಗಿ ಕೂರುತ್ತದೆ, ರಬ್ಬರ್ ಕೂಡ ಪೇಂಟಿಗೆ ಅಂಟಿಕೊಳ್ಳುತ್ತದೆ. ಮೂಗು ಹತ್ತಿರ ಇಟ್ಟಾಗ ವಾಸನೆ ಬರುತ್ತಿದ್ದರೆ ಇನ್ನೂ ಕಾಯಿರಿ.

ಅಳತೆ ತೆಗೆಯುವುದು ಪೇಂಟ್ ಆದ ಮೇಲೆಯೇ. ಮುಂಚೆ ತೆಗೆದ ಅಳತೆಯಲ್ಲಿ ಪೇಂಟಿನ ದಪ್ಪ ಸೇರಿರಲ್ಲ. ಟೇಪ್ ಹಿಡಿದು ಅಗಲ, ಎತ್ತರ ಬರೆದುಕೊಂಡರೆ ಸಾಲದು, ಹಳೇ ಬಾಗಿಲು ನಿಜವಾದ ಚೌಕ ಆಗಿರುವುದೇ ಕಡಿಮೆ. ಗಟ್ಟಿ ರಟ್ಟಿನಲ್ಲಿ ಟೆಂಪ್ಲೇಟ್ ಮಾಡಿ, ಒಳಗಿಟ್ಟು, ಎಲ್ಲಿ ಬಿಗಿ ಎಲ್ಲಿ ಸಡಿಲ ನೋಡಿ ಕತ್ತರಿಸುತ್ತಾ ಬನ್ನಿ. ‘ಎಡಬದಿ, ಮೇಲೆ, ಹೊರಮೈ’ ಅಂತ ಅದರ ಮೇಲೇ ಬರೆಯಿರಿ. ಎರಡು ಬದಿಯ ಬಾಗಿಲು ಒಂದೇ ಅಳತೆ ಅಂತ ಕಂಪನಿ ಹೇಳಿರಬಹುದು. ಇಷ್ಟು ವರ್ಷ ಆದ ಮೇಲೆ ಅವು ಒಂದೇ ಆಗಿ ಉಳಿದಿರಲ್ಲ.

ಸುತ್ತ ಎಷ್ಟು ಸಂದು ಬಿಡಬೇಕು? ನಾನು ಪ್ರತಿ ಬದಿಗೆ 1.5 ಮಿ.ಮೀ. ಬಿಟ್ಟೆ. ಬಿಸಿಲಿಗೆ ಗಾಜು ಹಿಗ್ಗುತ್ತದೆ, ಅದಕ್ಕೇ ಸಂದು ಅಂತ ಹೇಳುವುದು ವಾಡಿಕೆ. ಸ್ವಲ್ಪ ಲೆಕ್ಕ ಹಾಕಿ ನೋಡಿ. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಒಂದು ಮೀಟರ್ ಗಾಜು ಸುಮಾರು 9 ಮೈಕ್ರಾನ್ (ಮೈಕ್ರಾನ್ ಅಂದರೆ ಮಿ.ಮೀ.ಯ ಸಾವಿರದ ಒಂದು ಭಾಗ) ಹಿಗ್ಗುತ್ತದೆ, ಉಕ್ಕು 12 ಮೈಕ್ರಾನ್. ಗಾಜು 400 ಮಿ.ಮೀ. ಅಗಲ, ಬಿಸಿ 40 ಡಿಗ್ರಿ ಏರಿತು ಅಂತಿಟ್ಟುಕೊಳ್ಳಿ. ಎರಡರ ನಡುವಿನ ವ್ಯತ್ಯಾಸ 0.05 ಮಿ.ಮೀ. ಕೂಡ ಆಗಲ್ಲ. ಪೌಡರ್ ಕೋಟಿಂಗಿನ ಒಂದು ಪದರವೇ ಅದಕ್ಕಿಂತ ದಪ್ಪ. ಅದೂ ಅಲ್ಲದೆ ಉಕ್ಕು ಗಾಜಿಗಿಂತ ಜಾಸ್ತಿ ಹಿಗ್ಗುವುದರಿಂದ ಬಿಸಿಯಲ್ಲಿ ಜಾಗ ಹೆಚ್ಚುತ್ತದೆ, ಕಡಿಮೆ ಆಗಲ್ಲ. ಸಂದು ಬೇಕಾಗಿರುವುದು ಬಾಗಿಲ ಸೊಟ್ಟತನಕ್ಕೆ. ಬಾಗಿಲು ತೆಗೆದು ಹಾಕುವಾಗ ತಗಡು ಕೊಂಚ ತಿರುಚುತ್ತದೆ, ಆಗ ಗಾಜಿನ ಅಂಚು ಲೋಹಕ್ಕೆ ತಾಕಬಾರದು. ಗಾಜಿನ ಬದಲು ಆಕ್ರಿಲಿಕ್ ಪ್ಲಾಸ್ಟಿಕ್ ಹಾಳೆ ಹಾಕುವವರ ಲೆಕ್ಕ ಬೇರೆ. ಅದು ಗಾಜಿನ ಎಂಟರಷ್ಟು ಹಿಗ್ಗುತ್ತದೆ, ಅವರಿಗೆ ಸಂದು ನಿಜವಾಗಿಯೂ ಬೇಕು.

ಆಕ್ರಿಲಿಕ್ ನನಗೆ ಇಷ್ಟ ಇಲ್ಲ. ಒರೆಸಿದಷ್ಟೂ ಗೀರು, ಒರೆಸಿದ ತಕ್ಷಣ ಧೂಳು ಎಳೆದುಕೊಳ್ಳುತ್ತದೆ. ಪಕ್ಕದಿಂದ ನೋಡಿದಾಗ ಹೊಳಪಿನಲ್ಲೇ ಪ್ಲಾಸ್ಟಿಕ್ ಅಂತ ಗೊತ್ತಾಗಿಬಿಡುತ್ತದೆ. ಇನ್ನೂ ಹಳೇ ಕಾಲದ, ತಲೆಯ ಮೇಲೆ 10 ಗ್ಯಾಲನ್ನಿನ ದೊಡ್ಡ ಗಾಜಿನ ಪೀಪಾಯಿ ಹೊತ್ತ ಕೈಪಂಪುಗಳಲ್ಲಿ ಮಾತ್ರ ಆಕ್ರಿಲಿಕ್ ಕೊಳವೆಗೆ ನಾನು ಅಡ್ಡಿ ಹೇಳಲ್ಲ. ಅಷ್ಟು ಎತ್ತರದಿಂದ ಗಾಜು ಬೀಳುವುದು ಬೇಡ.

ಡಯಲ್ ಗಾಜಿಗೆ ಟಫನ್ಡ್ ಗಾಜು ಮಾಡಿಸಿದೆ. ಜನ ಅದರ ಮೇಲೆ ಕೈಯೂರುತ್ತಾರೆ, ಮಕ್ಕಳು ಮುಖ ಒತ್ತಿ ಅಂಕಿ ನೋಡುತ್ತಾರೆ. ಟಫನ್ಡ್ ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಮೀರಿ ಕಾಯಿಸಿ, ಗಾಳಿ ಊದಿ ತಟ್ಟನೆ ತಣಿಸಿರುತ್ತಾರೆ. ಆಮೇಲೆ ಅದನ್ನು ಕೊಯ್ಯಲೂ ಆಗಲ್ಲ, ಅಂಚು ಉಜ್ಜಿ ಸರಿಮಾಡಲೂ ಆಗಲ್ಲ, ಪೂರ್ತಿ ಪುಡಿಯಾಗುತ್ತದೆ. ಅದಕ್ಕೆ ಕೊಡುವ ಟೆಂಪ್ಲೇಟ್ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದೆ ಸರಿ ಇರಬೇಕು. ರಟ್ಟಿನದನ್ನು ಕೊಡದೆ, ಅದೇ ಆಕಾರವನ್ನು 3 ಮಿ.ಮೀ. ಹಾರ್ಡ್‌ಬೋರ್ಡಿನಲ್ಲಿ ಕೊಯ್ದು, ಬಾಗಿಲಲ್ಲಿ ರಬ್ಬರ್ ಸಮೇತ ಕೂರಿಸಿ ನೋಡಿ, ಅದನ್ನು ಕೊಟ್ಟೆ.

ಹಳೇ ಗಾಜಿನ ಜೊತೆ ಹೊಸದನ್ನು ಹಿಡಿದರೆ ಒಂದು ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಇಂದಿನ ಗಾಜು ಕರಗಿದ ತವರದ ಮೇಲೆ ತೇಲಿಸಿ ಮಾಡಿದ್ದು. ಪಿಲ್ಕಿಂಗ್ಟನ್ ಕಂಪನಿ ಆ ವಿಧಾನವನ್ನು ಹೊರಗೆ ಹೇಳಿದ್ದು 1959ರಲ್ಲಿ. ಅದಕ್ಕೆ ಮುಂಚಿನ ಸಾದಾ ಕಿಟಕಿ ಗಾಜನ್ನು ಕುಲುಮೆಯಿಂದ ಹಾಳೆಯಾಗಿ ಮೇಲಕ್ಕೆ ಎಳೆದು ಮಾಡುತ್ತಿದ್ದರು. ಅದರಲ್ಲಿ ಸಣ್ಣ ಅಲೆ ಇರುತ್ತಿತ್ತು. ತಲೆ ಅಲುಗಾಡಿಸಿದರೆ ಹಿಂದಿನ ಅಂಕಿಗಳು ಕೊಂಚ ತೇಲಿದ ಹಾಗೆ ಕಾಣುತ್ತವೆ. ಈ ಅಲೆ ಬೇಕೇ ಬೇಕು ಅನ್ನುವವರು ಹಳೇ ಮನೆಗಳ ಕಿಟಕಿ ಗಾಜು ಹುಡುಕಿ ಕೊಯ್ದುಕೊಳ್ಳುತ್ತಾರೆ. ಹಳೇ ಗಾಜಿನ ಮೈಮೇಲೆ ಸವೆತ, ಗೀರು ಜಾಸ್ತಿ, ಕೊಯ್ಯುವಾಗ ಗೆರೆ ಬಿಟ್ಟು ಎಲ್ಲೆಲ್ಲೋ ಹೋಗುತ್ತದೆ. ನಾನು ಆ ತಂಟೆಗೆ ಹೋಗಲಿಲ್ಲ.

ಆಡ್ ಗ್ಲಾಸ್ ಮಾತ್ರ ಸಾದಾ 3 ಮಿ.ಮೀ. ಗಾಜು, ನಾನೇ ಕೊಯ್ದೆ. ಮೇಜಿನ ಮೇಲೆ ಕಂಬಳಿ ಹಾಸಿ, ಗಾಜು ಒರೆಸಿ, ಕಟರಿನ ಚಕ್ರಕ್ಕೆ ಒಂದು ಹನಿ ಸೀಮೆಎಣ್ಣೆ. ಕಟರಿನ ತಲೆಗೂ ಚಕ್ರಕ್ಕೂ ಎರಡೂವರೆ ಮಿ.ಮೀ. ಅಂತರ ಇರುತ್ತದೆ, ಸ್ಕೇಲನ್ನು ಅಷ್ಟು ಒಳಗೆ ಇಡಬೇಕು. ಗೀರು ಎಳೆಯುವುದು ಒಂದೇ ಸಲ, ಆ ಅಂಚಿನಿಂದ ಈ ಅಂಚಿಗೆ, ಒಂದೇ ಒತ್ತಡದಲ್ಲಿ. ಕೈ ಸರಿಯಾಗಿದ್ದರೆ ರೇಷ್ಮೆ ಹರಿದಂತೆ ಒಂದೇ ಸಮ ಸದ್ದು ಬರುತ್ತದೆ. ಗೀರಿನ ಪಕ್ಕ ಬಿಳಿ ಪುಡಿ ಎದ್ದರೆ ಒತ್ತಡ ಜಾಸ್ತಿ ಆಯಿತು ಅಂತ. ಅದೇ ಗೀರಿನ ಮೇಲೆ ಎರಡನೇ ಸಲ ಎಳೆದರೆ ಗಾಜೂ ಹಾಳು, ಕಟರೂ ಹಾಳು. ಗೀರಿದ ಕೂಡಲೇ ಅದರ ಕೆಳಗೆ ತೆಳು ಕಡ್ಡಿ ಇಟ್ಟು ಎರಡೂ ಕಡೆ ಅಂಗೈಯಿಂದ ಒತ್ತಿದರೆ ಸಾಕು, ಬಿಟ್ಟುಕೊಳ್ಳುತ್ತದೆ.

ದುಂಡು ಮೂಲೆಗೆ ದುಂಡಗೇ ಗೀರಲು ಹೋಗಲಿಲ್ಲ. ಮೂಲೆಯನ್ನು ಓರೆಯಾಗಿ ಕೊಯ್ದು, ಉಳಿದದ್ದನ್ನು ಉಜ್ಜಿ ದುಂಡು ಮಾಡಿದೆ. ಕಪ್ಪು ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ), ಮೊದಲು 120 ನಂಬರಿನದು, ಆಮೇಲೆ ಇನ್ನೂ ನಯವಾದ 220. ಯಾವಾಗಲೂ ನೀರು ಹಾಕಿಕೊಂಡೇ. ಗಾಜಿನ ಧೂಳು ಮೂಗಿಗೆ ಹೋಗಬಾರದು, ಅಂಚು ಬಿಸಿಯಾಗಿ ಚಕ್ಕೆಯೂ ಏಳಬಾರದು. ನಾಲ್ಕೂ ಅಂಚಿನ ಎರಡೂ ಚೂಪು ಏಣನ್ನು ಉಜ್ಜಿ ಮೊಂಡು ಮಾಡಿದೆ. ರಬ್ಬರಿನೊಳಗೆ ಹೋಗುವ ಅಂಚಿಗೆ ಯಾಕೆ ಇಷ್ಟು ಉಪಚಾರ ಅಂತ ಕೇಳಬಹುದು. ಬಿರುಕು ಹುಟ್ಟುವುದೇ ಅಲ್ಲಿ, ಕಣ್ಣಿಗೆ ಕಾಣದ ಯಾವುದೋ ಸಣ್ಣ ಚಕ್ಕೆಯಿಂದ. ಉಗುರು ಎಲ್ಲೂ ಸಿಕ್ಕಿಕೊಳ್ಳದೆ ಸುತ್ತಲೂ ಜಾರಿದ ಮೇಲೇ ನಿಲ್ಲಿಸಿದೆ.

ಅಕ್ಷರಗಳು ಗಾಜಿನ ಹಿಂಬದಿಗೆ ಬರುತ್ತವೆ, ಒರೆಸಿದರೂ ಮಳೆ ಬಿದ್ದರೂ ಹೋಗದ ಹಾಗೆ. ಅಂದರೆ ಎಲ್ಲವೂ ತಿರುಗುಮುರುಗು. ಬೆಳಕು ಹಾಯುವ ಕೆಂಪು ವಿನೈಲ್‌ನಲ್ಲಿ (ಅಂಟಿಸುವ ಪ್ಲಾಸ್ಟಿಕ್ ಹಾಳೆ) ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡ ಹಾಗೆ ಕತ್ತರಿಸಿ, ಸೋಪಿನ ನೀರು ಚಿಮುಕಿಸಿ ಮೊದಲು ಅದನ್ನೇ ಅಂಟಿಸಬೇಕು. ಬಿಳಿ ಹಿನ್ನೆಲೆ ಆಮೇಲೆ. ಬಿಳಿಗೂ ವಿನೈಲ್ ಹಾಳೆಯನ್ನೇ ಎಳೆದರೆ ಪ್ರತಿ ಅಕ್ಷರದ ಅಂಚಿನಲ್ಲೂ ಒಂದು ಗಾಳಿಯ ಗೆರೆ ನಿಲ್ಲುತ್ತದೆ. ದೀಪ ಹಾಕಿದಾಗ ಅದು ಎದ್ದು ಕಾಣುತ್ತದೆ. ಅದಕ್ಕೆ ಬಿಳಿ ಪೇಂಟನ್ನು ತೆಳ್ಳಗೆ, ಪದರ ಪದರವಾಗಿ ಸ್ಪ್ರೇ ಮಾಡಿದೆ. ಪ್ರತಿ ಪದರ ಒಣಗಿದ ಮೇಲೆ ಹಿಂದೆ ದೀಪ ಹಿಡಿದು ನೋಡುವುದು ಮುಖ್ಯ. ಹಗಲಿನಲ್ಲಿ ಸಮನಾಗಿ ಕಂಡದ್ದು ದೀಪದ ಮುಂದೆ ಮೋಡ ಮೋಡವಾಗಿರುತ್ತದೆ, ತೆಳ್ಳಗಿರುವ ಕಡೆ ಇನ್ನೊಂದು ಕೈ ಹೊಡೆಯಬೇಕು.

ಕೂರಿಸುವ ದಿನ ಮೊದಲ ಕೆಲಸ ಸ್ಕ್ರೂ ತೂತುಗಳದು. ತೂತಿನೊಳಗೆ ಸ್ಕ್ರೂ ಹಿಡಿಯುವ ಮರೆಗಳಲ್ಲಿ (ಸುರುಳಿ ಗೆರೆಗಳಲ್ಲಿ) ಪೇಂಟ್ ತುಂಬಿತ್ತು, ಮರೆ ಕೊಯ್ಯುವ ಟ್ಯಾಪ್ ಹಾಕಿ ಬಿಡಿಸಿಕೊಂಡೆ. ಇಲ್ಲದಿದ್ದರೆ ಸ್ಕ್ರೂ ಬಿಗಿ ಅನ್ನಿಸುವುದು ಪೇಂಟಿನಿಂದಲೋ ಗಾಜು ಒತ್ತುತ್ತಿರುವುದರಿಂದಲೋ ಕೈಗೆ ತಿಳಿಯಲ್ಲ. ಹೊಸ ಸ್ಕ್ರೂಗಳನ್ನು ಹಳೆಯದರ ಪಕ್ಕ ಇಟ್ಟು ಉದ್ದ ನೋಡಿ, ಗಾಜಿಲ್ಲದೆ ಒಮ್ಮೆ ಪೂರ್ತಿ ಹಾಕಿ, ತುದಿ ಎಲ್ಲಿಗೆ ಬರುತ್ತದೆ ಅಂತ ಬೆರಳಲ್ಲಿ ಸವರಿ ನೋಡಿದೆ.

ಗಾಜಿನ ಅಂಚಿಗೆ ಯು ಆಕಾರದ ರಬ್ಬರ್ ಬೀಡಿಂಗ್. ಅಳತೆಗಿಂತ ಒಂದು ಚೂರು ಉದ್ದವೇ ಇರಲಿ, ರಬ್ಬರ್ ಕಾಲಕ್ರಮೇಣ ಕುಗ್ಗುತ್ತದೆ, ಎಳೆದು ಹಾಕಿದ್ದಂತೂ ಇನ್ನೂ ಬೇಗ. ಜೋಡಣೆ ಕೆಳಬದಿಗೆ ಬರಲಿ. ಮೂಲೆಯಲ್ಲಿ ಮಡಿಸುವಾಗ ರಬ್ಬರಿನ ಎರಡೂ ತುಟಿಗೆ ವಿ ಆಕಾರದ ಕಚ್ಚು ಹಾಕಿದೆ, ಬೆನ್ನು ಕತ್ತರಿಸದೆ. ಕಚ್ಚು ಹಾಕದಿದ್ದರೆ ರಬ್ಬರ್ ಮೂಲೆಯಲ್ಲಿ ಗುಡ್ಡೆ ಕಟ್ಟಿ, ಗಾಜಿಗೆ ಶಕ್ತಿ ಕಡಿಮೆ ಇರುವ ಜಾಗದಲ್ಲೇ ಒತ್ತಡ ಬೀಳುತ್ತದೆ. ಅಂಟು ಹಾಕಲಿಲ್ಲ. ಹಾಕಲೇಬೇಕು ಅನ್ನುವವರು ವಿನಿಗರ್ ವಾಸನೆಯ ಸಿಲಿಕೋನ್ ಬೇಡ, ಅದರಿಂದ ಬರುವ ಆಮ್ಲ ಬರೀ ಉಕ್ಕಿಗೆ ತುಕ್ಕು ಹಿಡಿಸುತ್ತದೆ. ನ್ಯೂಟ್ರಲ್ ಅಂತ ಬರೆದಿರುವುದನ್ನು ತನ್ನಿ.

ಗಾಜಿನ ಒಳಮೈಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಗ್ಲೌಸ್ ಹಾಕಿಕೊಂಡೇ ಎತ್ತಿ ಇಟ್ಟೆ. ಆಡ್ ಗ್ಲಾಸಿನಲ್ಲಿ ಪೇಂಟ್ ಇಲ್ಲದ ಹೊರಮೈಗೆ ಮಾತ್ರ ಆಲ್ಕೋಹಾಲ್. ಗಾಜನ್ನು ಚೌಕಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪುಗಳ ಸ್ಕ್ರೂಗಳನ್ನು ಎದುರುಬದುರು ಮೂಲೆಯ ಕ್ರಮದಲ್ಲಿ, ಮೊದಲು ಬೆರಳಲ್ಲಿ ಬಿಗಿದೆ. ಆಮೇಲೆ ಸ್ಕ್ರೂಡ್ರೈವರಿನಲ್ಲಿ ಸ್ವಲ್ಪ ಸ್ವಲ್ಪ. ರಬ್ಬರ್ ಕೊಂಚ ಚಪ್ಪಟೆಯಾದದ್ದು ಕಣ್ಣಿಗೆ ಕಂಡರೆ ಸಾಕು, ನಿಲ್ಲಿಸಿ. ಕ್ಲಿಪ್ಪಿಗೂ ರಬ್ಬರಿಗೂ ನಡುವೆ ಕಾಗದದ ಪಟ್ಟಿ ತೂರಿಸಿ ಎಳೆದು ನೋಡಿದೆ. ಎಲ್ಲ ಕಡೆ ಒಂದೇ ಥರ ತಡೆದು ಬರಬೇಕು. ಒಂದು ಕಡೆ ಹರಿದುಬಂದು ಇನ್ನೊಂದು ಕಡೆ ಸಲೀಸಾಗಿ ಜಾರಿದರೆ ಬಿಗಿ ಸಮ ಇಲ್ಲ. ಚಾಕ್ ಹಚ್ಚಿ ಉಜ್ಜಿದ್ದರ ಫಲ ಇಲ್ಲಿ ಸಿಕ್ಕಿತು, ಮೊದಲ ಸುತ್ತಿನಲ್ಲೇ ಎಲ್ಲ ಕ್ಲಿಪ್ಪೂ ಹತ್ತಿರ ಹತ್ತಿರ ಒಂದೇ ಥರ ಇದ್ದವು.

ಸೈಟ್ ಗ್ಲಾಸ್ ಸಣ್ಣದು, ಆದರೆ ಅದರ ಹಟ ದೊಡ್ಡದು. ನನ್ನದು ಎರಡು ಉಂಗುರಗಳ ನಡುವೆ ಕೂರುವ ಗಿಡ್ಡ ಗಾಜಿನ ಕೊಳವೆ. ಎರಡೂ ತುದಿ ಒಂದಕ್ಕೊಂದು ಸಮಾನಾಂತರ ಇಲ್ಲದಿದ್ದರೆ ಬಿಗಿದಷ್ಟೂ ಒಂದೇ ಪಕ್ಕಕ್ಕೆ ಭಾರ. ಸಮತಟ್ಟಾದ ದಪ್ಪ ಗಾಜಿನ ಮೇಲೆ ವಾಟರ್ ಪೇಪರ್ ಹಾಸಿ, ನೀರು ಹಾಕಿ, ಇಂಗ್ಲಿಷಿನ ಎಂಟರ ಆಕಾರದಲ್ಲಿ ತುದಿಗಳನ್ನು ಉಜ್ಜಿದೆ. ನೈಟ್ರೈಲ್ ರಬ್ಬರಿನ ವಾಷರ್ ಎರಡೂ ಕಡೆ. ಎಣ್ಣೆ ಹರಿಯುವುದಿಲ್ಲ ಅಂದ ಮೇಲೆ ಸೋರುವ ಪ್ರಶ್ನೆ ಇಲ್ಲ, ಕೈಯಲ್ಲೇ ಬಿಗಿದು ಬಿಟ್ಟೆ. ತಿರುಗಣೆಯನ್ನು ಮುಂಚೆನೇ ಒಳಗಿಡಬೇಕು, ಅದನ್ನು ಮರೆಯಬೇಡಿ.

ದೀಪದ ವಿಚಾರ. ಆಡ್ ಗ್ಲಾಸಿನ ಹಿಂದೆ ಹಳೇ ಹೋಲ್ಡರ್‌ಗಳನ್ನೇ ಉಳಿಸಿಕೊಂಡೆ, ವೈರ್ ಪೂರ್ತಿ ಹೊಸದು, ತಗಡಿಗೆ ಅರ್ತಿಂಗ್ ಕೊಟ್ಟಿದ್ದೇನೆ. ಬಲ್ಬು ಮಾತ್ರ ಎಲ್‌ಇಡಿ. ಸಾದಾ ಗಾಜಿನ ಒಂದು ಭಾಗ ಇನ್ನೊಂದಕ್ಕಿಂತ ಸುಮಾರು 40 ಡಿಗ್ರಿ ಜಾಸ್ತಿ ಬಿಸಿಯಾದರೆ ಬಿರುಕು ಬಿಡುವ ಅಪಾಯ ಇದೆ. ಹಳೇ ತಂತಿ ಬಲ್ಬು ನಡುಭಾಗವನ್ನು ಕಾಯಿಸುತ್ತದೆ, ಚೌಕಟ್ಟಿನೊಳಗೆ ಅಡಗಿದ ಅಂಚು ತಣ್ಣಗೇ ಇರುತ್ತದೆ. ಬೆಚ್ಚಗಿನ ಹಳದಿ ಬಣ್ಣದ ಎಲ್‌ಇಡಿ ಹಾಕಿದರೆ ನೋಟಕ್ಕೂ ಮೋಸ ಇಲ್ಲ. ತಣ್ಣನೆ ಬಿಳಿ ಬೆಳಕು ಹಾಕಿದರೆ ಕೆಂಪು ಅಕ್ಷರ ಗುಲಾಬಿಗೆ ತಿರುಗಿದಂತೆ ಕಂಡಿತು, ಅದನ್ನು ತೆಗೆದೆ.

ಕೆಲವು ದಿನ ಬಿಟ್ಟು ಕ್ಲಿಪ್ಪುಗಳನ್ನು ಮತ್ತೆ ಕಾಗದ ಹಾಕಿ ಪರೀಕ್ಷಿಸಿದೆ. ರಬ್ಬರ್ ಕೂತುಕೊಂಡು ಒಂದೆರಡು ಸಡಿಲ ಆಗಿದ್ದವು, ಕಾಲು ಸುತ್ತು ಕೊಟ್ಟೆ. ಇನ್ನು ಬಾಕಿ ಇರುವುದು ಗ್ಲೋಬ್, ಅಂದರೆ ಪಂಪಿನ ತಲೆಯ ಮೇಲಿನ ದುಂಡು ದೀಪ. ಗಾಜಿನ ಬಾಡಿ, ಎರಡು ಬದಿಗೆ 13.5 ಇಂಚಿನ ಲೆನ್ಸ್. ಹಳೇ ಗ್ಲೋಬುಗಳ ಬುಡ ನೋಡಿ, ಬಹಳಷ್ಟರಲ್ಲಿ ಚಕ್ಕೆ ಎದ್ದಿರುತ್ತದೆ, ಬುಡವನ್ನು ಸುತ್ತ ಹಿಡಿಯುವ ಬಳೆಯ, ಅಂದರೆ ಕಾಲರಿನ ಸ್ಕ್ರೂಗಳನ್ನು ಜಾಸ್ತಿ ಬಿಗಿದಿದ್ದಕ್ಕೆ. ಕಾಲರ್ ಈಗ ಬೆಂಚಿನ ಮೇಲಿದೆ. ಒಳಸುತ್ತಿಗೆ ರಬ್ಬರ್ ಪಟ್ಟಿ ಅಂಟಿಸಿ, ಸ್ಕ್ರೂಗಳ ತುದಿ ದುಂಡು ಮಾಡಿ, ಆಮೇಲೆ ಗ್ಲೋಬ್ ಏರಿಸುತ್ತೇನೆ.